ಜಯಮಂಗಲಿಯ ಜಾಡಿನಲ್ಲಿ ಐದು ದಿನ

ಕೊರಟಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸತೊಡಗಿ ಹದಿನಾಲ್ಕು ವರ್ಷಗಳಾದವು. ಶಾಲೆಯ ಹಿಂದೆ ಹೊಲಗಳನ್ನು ದಾಟಿ ಹದಿನೈದು ನಿಮಿಷ ನಡೆದರೆ ಜಯಮಂಗಲಿ ಹೊಳೆಯ ಪಾತ್ರ ಸಿಗುತ್ತದೆ. ಪ್ರತಿ ವರ್ಷ ಜಲಚಕ್ರದ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಬೆಟ್ಟ, ಮೋಡ, ನದಿ, ಸಮುದ್ರಗಳನ್ನು ಬರೆದು ಬಾಣದ ಗುರುತು ಹಾಕುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಮ್ಮ ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತೆ?" ಎಂದು ಕೇಳಿದಳು. ಅಮೆಜಾನ್ ನದಿಯ ವಿಷಯ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆನೇನೋ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕಂಡುಕೊಳ್ಳುವುದು ಹೇಗೆಂಬುದೂ ಗೊತ್ತಿರಲಿಲ್ಲ. ತುಮಕೂರಿನಲ್ಲಿ ಐದು ದಿನಗಳ ಪರಿಸರ ಕ್ಷೇತ್ರಾಧ್ಯಯನ ಶಿಬಿರ ನಡೆಯುತ್ತದೆಂದು ಸಹೋದ್ಯೋಗಿಯೊಬ್ಬರಿಂದ ತಿಳಿದಾಗ ರಜೆ ಹಾಕಿ ಹೆಸರು ನೋಂದಾಯಿಸಿದ್ದು ಆ ಪ್ರಶ್ನೆಯ ಕಾರಣಕ್ಕೇ. ದೇವರಾಯನದುರ್ಗದ ಬೆಟ್ಟದಲ್ಲಿ ಆರಂಭಿಸಿ ಜಯಮಂಗಲಿಯ ಜೊತೆಗೇ ಕೆಳಗಿಳಿದು ಮಧುಗಿರಿಯ ಬಯಲಿನವರೆಗೆ ಹೋಗಿ ಬರುವಂತೆ ಶಿಬಿರವನ್ನು ಯೋಜಿಸಲಾಗಿತ್ತು.

ಮೊದಲ ದಿನ

ನವೆಂಬರ್ ಕೊನೆಯ ವಾರ. ಬೆಳಿಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹದಿನಾಲ್ಕು ಮಂದಿ ಒಂದೇ ವ್ಯಾನಿನಲ್ಲಿ ನಾಮದ ಚಿಲುಮೆಯ ಕಡೆಗೆ ಹೊರಟೆವು. ಪದವಿ ಓದುವ ಏಳು ಮಕ್ಕಳು, ಮೂವರು ರೈತರು, ಒಬ್ಬ ಗ್ರಾಮ ಪಂಚಾಯಿತಿ ಸದಸ್ಯೆ, ನನ್ನನ್ನೂ ಸೇರಿಸಿ ಮೂವರು ಶಿಕ್ಷಕರು. ಕಲಿಸಲು ಸಸ್ಯಶಾಸ್ತ್ರ ಓದಿದ ಒಬ್ಬ ಮೇಡಂ, ಜಲವಿಜ್ಞಾನ ಬಲ್ಲ ಒಬ್ಬ ಸಾರ್ ಇದ್ದರು. ಜೊತೆಗೆ ಆ ಕಾಡಿನಲ್ಲೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ಅರಣ್ಯ ವೀಕ್ಷಕರೊಬ್ಬರಿದ್ದರು. ಅವರನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು.

ವನವಾಸದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನೆಂದೂ ಆಗ ಚಿಮ್ಮಿದ ನೀರೇ ನಾಮದ ಚಿಲುಮೆಯೆಂದೂ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಮೇಡಂ ಆ ಕತೆಯನ್ನು ತಾವೇ ಹೇಳಿ ಮುಗಿಸಿ, ಬಂಡೆಯ ಆ ಕುಳಿಯ ಎದುರು ನಮ್ಮನ್ನು ಕೂರಿಸಿ, ಗಟ್ಟಿ ರಟ್ಟಿನ ಹೊದಿಕೆಯ ಒಂದೊಂದು ಪುಸ್ತಕವನ್ನೂ ಪೆನ್ಸಿಲನ್ನೂ ಕೈಗಿತ್ತರು. ಪೆನ್ನು ಬೇಡ, ಶಾಯಿ ನೀರಿನಲ್ಲಿ ಅಳಿಸಿಹೋಗುತ್ತದೆ, ಪೆನ್ಸಿಲಿನ ಸೀಸ ಉಳಿಯುತ್ತದೆ ಎಂಬುದು ಮೊದಲ ಪಾಠ. ಪುಟದ ಮೇಲ್ಭಾಗದಲ್ಲಿ ದಿನಾಂಕ, ಗಂಟೆ, ಜಾಗ, ಹವೆ, ಜೊತೆಗಿದ್ದವರ ಹೆಸರು. ತಪ್ಪಾದರೆ ರಬ್ಬರಿನಿಂದ ಉಜ್ಜದೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಅಂಕಣದಲ್ಲಿ ಇಡುವುದು. ಹತ್ತು ನಿಮಿಷ ಬಿಟ್ಟು ನಾವು ಬರೆದದ್ದನ್ನು ಓದಿಸಿದಾಗ ನಾನು "ಶುದ್ಧವಾದ ನೀರು" ಎಂದು ಬರೆದಿದ್ದೆ. "ಶುದ್ಧ ಅಂತ ನಿಮಗೆ ಹೇಗೆ ಗೊತ್ತಾಯಿತು? ತಳ ಕಾಣುತ್ತದೆ, ವಾಸನೆಯಿಲ್ಲ ಅಂತ ಬರೆಯಿರಿ. ಅಷ್ಟನ್ನೇ ನೀವು ನೋಡಿದ್ದು," ಎಂದರು ಮೇಡಂ. ನಾನು ಶುದ್ಧ ಎಂಬ ಪದದ ಮೇಲೆ ಗೆರೆ ಎಳೆದೆ. ಪುಸ್ತಕದ ಮೊದಲ ಪುಟದಲ್ಲಿ ಆ ಗೆರೆ ಈಗಲೂ ಇದೆ.

ಮಧ್ಯಾಹ್ನ ಯೋಗಾನರಸಿಂಹ ಸ್ವಾಮಿಯ ಗುಡಿಯವರೆಗೆ ಹತ್ತಿದೆವು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗವೆಂಬ ಹೆಸರು ಪಡೆದ ಈ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಮೇಲೆ ಬಂಡೆಯ ಮೇಲೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯನ್ನು ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಸಾರ್ ಅದನ್ನು ಓದಲು ಕಲಿಸಿದರು. ಐವತ್ತು ಸಾವಿರಕ್ಕೆ ಒಂದರ ಪ್ರಮಾಣ, ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ; ರೇಖೆಗಳು ಒತ್ತೊತ್ತಾಗಿದ್ದಲ್ಲಿ ಕಡಿದಾದ ಇಳಿಜಾರು, ದೂರ ದೂರವಿದ್ದಲ್ಲಿ ಬಯಲು. ಇಷ್ಟನ್ನು ನಾನೂ ಪುಸ್ತಕದಲ್ಲಿ ಓದಿದ್ದೆ. ಓದಿರದ ಸಂಗತಿಯೆಂದರೆ, ರೇಖೆ ಬಾಗಿ ಮೊನೆಯಾಗುವ ಜಾಗದಲ್ಲಿ ಮೊನೆ ಮೇಲ್ಮುಖವಾಗಿದ್ದರೆ ಅದು ನೀರಿನ ಹಾದಿ, ಕೆಳಮುಖವಾಗಿದ್ದರೆ ಅದು ಬೆಟ್ಟದ ಏಣು. ಆ ಏಣುಗಳನ್ನು ಪೆನ್ಸಿಲಿನಿಂದ ಒಂದಕ್ಕೊಂದು ಜೋಡಿಸುತ್ತ ಹೋಗಿ ಎಂದರು. ಅರ್ಧ ಗಂಟೆಯಲ್ಲಿ ನಕ್ಷೆಯ ಮೇಲೆ ಅಂಕುಡೊಂಕಾದ ಒಂದು ಗೆರೆ ಮೂಡಿತು. ಆ ಗೆರೆಯ ಉತ್ತರಕ್ಕೆ ಬಿದ್ದ ಹನಿ ಜಯಮಂಗಲಿಗೆ ಸೇರಿ, ಕೊರಟಗೆರೆ, ಮಧುಗಿರಿಗಳ ಮೂಲಕ ಆಂಧ್ರದ ಗಡಿ ದಾಟಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಶಿಂಷೆಯಾಗಿ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮದ್ದೂರನ್ನು ಹಾದು ಕಾವೇರಿಗೆ ಹೋಗುತ್ತದೆ. ನಕ್ಷೆಯನ್ನು ದಿಕ್ಸೂಚಿಗೆ ಹೊಂದಿಸಿಟ್ಟು ತಲೆಯೆತ್ತಿ ನೋಡಿದಾಗ, ನಾನೀಗ ಎಳೆದ ಗೆರೆಯೇ ಎದುರಿಗಿನ ಬಂಡೆಗಳ ಸಾಲಾಗಿ ಕಾಣಿಸಿತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟ ಅದು. ಅಂದು ಸಂಜೆ ಕೆಳಗಿಳಿಯುವಾಗ ಪ್ರತಿ ಹೆಜ್ಜೆಗೂ ಯಾವ ನದಿಯ ನೆಲದಲ್ಲಿದ್ದೇನೆಂದು ಲೆಕ್ಕ ಹಾಕುತ್ತಿದ್ದೆ.

ಎರಡನೆಯ ದಿನ

ಬೆಳಿಗ್ಗೆ 6 ಗಂಟೆಗೆ ಹಕ್ಕಿಗಳ ಎಣಿಕೆ. ಒಂದೆಡೆ ನಿಂತು, ನಮ್ಮ ಸದ್ದಿಗೆ ಬೆದರಿದ ಹಕ್ಕಿಗಳು ಸಮಾಧಾನಕ್ಕೆ ಬರಲು ಎರಡು ನಿಮಿಷ ಕಾದು, ಆ ಮೇಲೆ ಹತ್ತು ನಿಮಿಷದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ದೂರದ ಅಂದಾಜಿನೊಂದಿಗೆ ಬರೆಯಬೇಕು. ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರದ ದನಿ ಎರಡು ಬಾರಿ ಕೇಳಿತು. ದಕ್ಷಿಣ ಭಾರತದ ಇಂತಹ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಆ ಹಕ್ಕಿಯನ್ನು ನೋಡಲು ಎಲ್ಲರೂ ಕತ್ತು ಚಾಚಿದೆವು, ಕಾಣಲಿಲ್ಲ. ಕೇಳಿತು, ಕಾಣಲಿಲ್ಲ ಎಂದೇ ಬರೆದೆವು. 8.30ಕ್ಕೆ ಸರಿಯಾಗಿ ಮಳೆಮಾಪಕವನ್ನು ನೋಡುವುದು ನಿತ್ಯದ ಕೆಲಸ. ದೇಶದ ಹವಾಮಾನ ಕೇಂದ್ರಗಳೆಲ್ಲ ಆ ಹೊತ್ತಿಗೇ ಹಿಂದಿನ ಇಪ್ಪತ್ನಾಲ್ಕು ಗಂಟೆಗಳ ಮಳೆಯನ್ನು ಅಳೆಯುವುದರಿಂದ ನಮ್ಮ ಅಂಕಿಯನ್ನು ಅವುಗಳ ಜೊತೆ ಇಟ್ಟು ನೋಡಬಹುದು. ಅಂದು ಪಾತ್ರೆ ಖಾಲಿ ಇತ್ತು. ಸೊನ್ನೆ ಎಂದು ಬರೆಯದೆ ಖಾಲಿ ಬಿಟ್ಟ ಕಾಲೇಜು ಹುಡುಗನಿಗೆ ಸಾರ್, ಖಾಲಿ ಬಿಟ್ಟರೆ ಮಳೆ ಬಂದಿಲ್ಲ ಎಂದೂ ಆಗುತ್ತದೆ, ಯಾರೂ ನೋಡಲೇ ಇಲ್ಲ ಎಂದೂ ಆಗುತ್ತದೆ ಎಂದು ವಿವರಿಸಿದರು.

ದಿನದ ದೊಡ್ಡ ಕೆಲಸ ಮರಗಳ ಎಣಿಕೆ. ಹತ್ತು ಮೀಟರ್ ಉದ್ದಗಲದ ಚೌಕವನ್ನು ಹಗ್ಗದಿಂದ ಗುರುತಿಸುವುದು ಸುಲಭವೆಂದುಕೊಂಡಿದ್ದೆ. ಕಲ್ಲು, ಮುಳ್ಳು, ಇಳಿಜಾರುಗಳ ನಡುವೆ ಮೂಲೆ ನೇರ ಬರುವುದೇ ಇಲ್ಲ. ಬೇಲೂರು, ಹಳೇಬೀಡುಗಳಲ್ಲಿ ಗುಡಿ ಕಟ್ಟಿದವರೂ ಮನೆಗೆ ಪಾಯ ಹಾಕುವ ಮೇಸ್ತ್ರಿಗಳೂ ಮೂಲೆಮಟ್ಟ ನೋಡಿಯೇ ಕೆಲಸ ಶುರು ಮಾಡಿರುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಮೂಲೆಯಿಂದ ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಗುರುತು ಹಾಕಿದರೆ ಆ ಎರಡು ಗುರುತುಗಳ ನಡುವೆ 5 ಮೀಟರ್ ಬರಬೇಕು. ಕೊನೆಗೆ ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿದು ನೋಡಿದರೆ ಎರಡೂ ಕಡೆ 14 ಮೀಟರ್ 14 ಸೆಂಟಿಮೀಟರ್ ಇರಬೇಕು. ನಮ್ಮದು ಮೊದಲ ಸಲ 13.60 ಮತ್ತು 14.65 ಬಂತು. ಹತ್ತನೆಯ ತರಗತಿಗೆ ಪೈಥಾಗೊರಸನ ಪ್ರಮೇಯವನ್ನು ಕಲಿಸುವ ಗಣಿತದ ಮೇಷ್ಟ್ರು ನಮ್ಮ ಗುಂಪಿನಲ್ಲೇ ಇದ್ದರು. ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುವಾಗ ಅವರ ಮುಖದಲ್ಲಿ ಕಂಡ ಉತ್ಸಾಹವನ್ನು ನಾನು ಮರೆಯಲಾರೆ.

ಚೌಕದೊಳಗಿನ ಪ್ರತಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಬೇಕು. ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಅಳೆಯಬೇಕು. ಬಳ್ಳಿ ಸುತ್ತಿಕೊಂಡಿದ್ದರೆ ಟೇಪನ್ನು ಅದರ ಕೆಳಗೆ ತೂರಿಸಬೇಕು. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಅಳೆಯಬೇಕು. 30 ಸೆಂಟಿಮೀಟರಿಗಿಂತ ಸಣ್ಣದು ಮರದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಒಳಗಿನ ಐದು ಮೀಟರ್ ಚೌಕದಲ್ಲಿ ಎಣಿಸುತ್ತಾರೆ. ಹುಲ್ಲು, ಸಣ್ಣ ಗಿಡಗಳಿಗೆ ಒಂದು ಮೀಟರಿನ ಇನ್ನೊಂದು ಚೌಕ.

ಎಲೆಗಳು ಕೈಗೆಟುಕದ ಎತ್ತರದಲ್ಲಿದ್ದುದರಿಂದ ಗುರುತಿಸಲು ನಾವು ಪರದಾಡುತ್ತಿದ್ದಾಗ ಅಣ್ಣ ಬಂದು, "ಮೇಲೆ ಯಾಕೆ ನೋಡ್ತೀರಾ ಮೇಡಂ, ತೊಗಟೆ ಮುಟ್ಟಿ," ಎಂದರು. ದಿಂಡಿಗದ ತೊಗಟೆ ನಯವಾಗಿ, ಬೂದಿ ಬಳಿದ ಹಾಗೆ ಬೆಳ್ಳಗಿರುತ್ತದೆ. ಕಗ್ಗಲಿಯದು ಸುಲಿದು ನೇತಾಡುವ ಒರಟು ತೊಗಟೆ. ಅದರ ರೆಂಬೆಯಲ್ಲಿ ಕೊಕ್ಕೆಯಂಥ ಮುಳ್ಳುಗಳು ಜೋಡಿಯಾಗಿರುತ್ತವೆ. ಕಪ್ಪಗೆ ಉದ್ದುದ್ದ ಸೀಳಿದ್ದು ಜಾಲಾರಿ. ಉತ್ತರ ಭಾರತದ ಸಾಲ ವೃಕ್ಷದ ಹತ್ತಿರದ ನೆಂಟನಾದ ಜಾಲಾರಿ ನಮ್ಮ ಈ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ ಎಂಬುದೇ ನನಗೆ ಹೊಸದು. ಅದರ ಬೀಜಕ್ಕೆ ರೆಕ್ಕೆಗಳಿದ್ದು, ಗಾಳಿಗೆ ತಿರುಗುತ್ತ ಬೀಳುತ್ತದೆ. ಬಿದ್ದ ಬೀಜ ಬಹಳ ದಿನ ಜೀವ ಹಿಡಿದುಕೊಂಡಿರುವುದಿಲ್ಲ. ಮಳೆ ಬಂದು ಬೇಗ ಮೊಳೆಯದಿದ್ದರೆ ಆ ವರ್ಷದ ಪೀಳಿಗೆ ಮುಗಿದಂತೆ. ನಮ್ಮ ಚೌಕದಲ್ಲಿ ಹನ್ನೊಂದು ಮರಗಳಿದ್ದವು, ಅವುಗಳಲ್ಲಿ ಐದು ಜಾಲಾರಿ. ಒಳಚೌಕದಲ್ಲಿ ಲಂಟಾನ ಮಂಡಿಯುದ್ದಕ್ಕೂ ಹಬ್ಬಿತ್ತು, ಜಾಲಾರಿಯ ಒಂದು ಸಸಿಯೂ ಇರಲಿಲ್ಲ. ಇನ್ನೂರು ಮೀಟರ್ ಆಚೆ, ಲಂಟಾನ ಇಲ್ಲದ ಜಾಗದಲ್ಲಿ ಚೌಕ ಹಾಕಿದ್ದ ಇನ್ನೊಂದು ಗುಂಪಿಗೆ ಏಳು ಸಸಿಗಳು ಸಿಕ್ಕಿದ್ದವು. ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಬಂದ ಲಂಟಾನ ನಮ್ಮ ಕಾಡನ್ನು ನುಂಗುತ್ತಿರುವುದಕ್ಕೆ ಇದೇ ಪುರಾವೆ ಎಂದು ನಾನು ಆವೇಶದಿಂದ ಹೇಳಿದೆ. ಮೇಡಂ ತಲೆದೂಗಿದರೂ, "ಎರಡು ಚೌಕದಿಂದ ಅಷ್ಟು ದೊಡ್ಡ ಮಾತು ಹೇಳುವ ಹಾಗಿಲ್ಲ. ಆ ಜಾಗದಲ್ಲಿ ಮಣ್ಣು ಬೇರೆಯೇ? ನೆರಳು ಬೇರೆಯೇ? ಮೇಕೆ ಹೋಗುತ್ತವೆಯೇ? ಇನ್ನೂ ಇಪ್ಪತ್ತು ಚೌಕ ಹಾಕಿ ಆಮೇಲೆ ಹೇಳೋಣ," ಎಂದರು. ನನ್ನ ಊಹೆಯನ್ನು ಊಹೆಯ ಅಂಕಣಕ್ಕೆ ಸೇರಿಸಿದೆ. ಊಹೆ ಸರಿಯೇ ಇದ್ದೀತು ಎಂಬ ನಂಬಿಕೆ ಮಾತ್ರ ಈಗಲೂ ಇದೆ.

ರಾತ್ರಿ ಊಟವಾದ ಮೇಲೆ ಕೆಂಪು ಕಾಗದ ಕಟ್ಟಿದ ತಲೆದೀಪಗಳನ್ನು ಧರಿಸಿ ಕಾಡಂಚಿನ ಹೊಲಗಳ ಬೇಲಿಯ ಪಕ್ಕದಲ್ಲಿ ನಡೆದೆವು. ಅರ್ಧ ಗಂಟೆಯ ಬಳಿಕ ಬೇಲಿಯ ಜಾಲಿಮರವೊಂದರಲ್ಲಿ ಎರಡು ಕೆಂಡದ ಚುಕ್ಕೆಗಳು ಹೊಳೆದವು. ಕಾಡುಪಾಪ. ತೆಳ್ಳಗಿನ ಕೈಕಾಲುಗಳಿಂದ ಒಂದು ರೆಂಬೆಯನ್ನು ಬಿಗಿಹಿಡಿದು, ಇನ್ನೊಂದನ್ನು ಚಾಚಿ ಹಿಡಿದ ಮೇಲಷ್ಟೇ ಮೊದಲನೆಯದನ್ನು ಬಿಡುತ್ತಿತ್ತು. ಅದು ಕೋತಿಯಂತೆ ನೆಗೆಯುವುದಿಲ್ಲ. ಹಾಗಾಗಿ ಕೊಂಬೆಗೆ ಕೊಂಬೆ ತಾಗುವ ಬೇಲಿಸಾಲು ಕಡಿದುಹೋದರೆ ಅದರ ದಾರಿಯೇ ಕಡಿದುಹೋಗುತ್ತದೆ. ಎಚ್ಚರಿಕೆಯಿಂದ ಎರಡು ನಿಮಿಷ ಮಾತ್ರ ನೋಡಿ ದೀಪವನ್ನು ಬೇರೆಡೆಗೆ ತಿರುಗಿಸಿದೆವು.

ಮೂರನೆಯ ದಿನ

ಮಧ್ಯರಾತ್ರಿಯ ಮೇಲೆ ಮಳೆ ಬಂದಿತ್ತು. ಮಾಪಕದಲ್ಲಿ 6.4 ಮಿಲಿಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್; ಆ ಲೆಕ್ಕದಲ್ಲಿ ಒಂದು ಹೆಕ್ಟೇರ್ ಕಾಡಿನ ಮೇಲೆ 64,000 ಲೀಟರ್ ಬಿದ್ದಿತ್ತು. ಅದರಲ್ಲಿ ತೊರೆಗೆ ಬಂದದ್ದೆಷ್ಟು ಎಂದು ಹುಡುಕುವುದೇ ದಿನದ ಕೆಲಸ. ಉತ್ತರದ ಇಳಿಜಾರಿನಲ್ಲಿ ಜಯಮಂಗಲಿಯ ಕಡೆಗೆ ಹೋಗುವ ಸಣ್ಣ ತೊರೆಯೊಂದನ್ನು ಆರಿಸಿಕೊಂಡೆವು.

ಹರಿವನ್ನು ಅಳೆಯಲು ಬೇಕಾದದ್ದು ಟೇಪು, ಅಡಿಕೋಲು, ಗಡಿಯಾರ ಮತ್ತು ಕಿತ್ತಳೆಯ ಸಿಪ್ಪೆ. ಸಿಪ್ಪೆಯೇ ಏಕೆಂದರೆ ಅದು ಅರ್ಧ ಮುಳುಗಿ ತೇಲುತ್ತದೆ, ಗಾಳಿ ಅದನ್ನು ದೂಡಲಾರದು, ಬಣ್ಣ ದೂರದಿಂದ ಕಾಣುತ್ತದೆ. ನೇರವಾಗಿ ಹರಿಯುವ 10 ಮೀಟರ್ ಭಾಗವನ್ನು ಗುರುತಿಸಿ ಐದು ಸಲ ಸಿಪ್ಪೆ ಬಿಟ್ಟೆವು: 38, 41, 40, 43, 38 ಸೆಕೆಂಡು. ಸರಾಸರಿ 40, ಅಂದರೆ ಸೆಕೆಂಡಿಗೆ ಕಾಲು ಮೀಟರ್ ವೇಗ. ಅಗಲ 80 ಸೆಂಟಿಮೀಟರ್. ಹತ್ತು ಕಡೆ ಅಳೆದ ಆಳದ ಸರಾಸರಿ 9 ಸೆಂಟಿಮೀಟರ್. ತಳದಲ್ಲಿ, ದಡದಲ್ಲಿ ನೀರು ನಿಧಾನವಾಗಿ ಹೋಗುವುದರಿಂದ ಮೇಲ್ಮೈಯ ವೇಗವನ್ನು 0.85ರಿಂದ ಗುಣಿಸುತ್ತಾರೆ. ಲೆಕ್ಕ ಮುಗಿದಾಗ ಸೆಕೆಂಡಿಗೆ 15 ಲೀಟರ್ ಬಂತು. ಇದೇ ರೀತಿ ಇಡೀ ದಿನ ಹರಿದರೆ ಸುಮಾರು 13 ಲಕ್ಷ ಲೀಟರ್. ನಾನು ಆ ಅಂಕಿಯನ್ನು ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೊಣಕಾಲೂ ಮುಳುಗದ, ಒಂದು ಹೆಜ್ಜೆಗೆ ದಾಟಬಹುದಾದ ತೊರೆ ಅದು. ಒಂಬತ್ತನೆಯ ತರಗತಿಯ ಆ ಹುಡುಗಿ ಕೇಳಿದ್ದು ಇಷ್ಟೇ ಅಲ್ಲವೇ ಎನ್ನಿಸಿತು. ಕಿತ್ತಳೆ ಸಿಪ್ಪೆಯೊಂದಿದ್ದರೆ ಅಂದೇ ಅವಳನ್ನು ಕರೆದುಕೊಂಡು ಹೋಗಬಹುದಿತ್ತು.

ಅನಂತರ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಕೆಲಸ. ವಿಂಕ್ಲರ್ ಎಂಬ ಹಂಗೇರಿಯ ರಸಾಯನಶಾಸ್ತ್ರಜ್ಞ 1888ರಲ್ಲಿ ರೂಪಿಸಿದ ವಿಧಾನವೇ ಇಂದಿಗೂ ಆಧಾರ. 300 ಮಿಲಿಲೀಟರಿನ ಗಾಜಿನ ಸೀಸೆಯನ್ನು ನೀರಿನೊಳಗೇ ಮುಳುಗಿಸಿ ತುಂಬಿ, ನೀರಿನೊಳಗೇ ಬಿರಟೆ ಹಾಕಬೇಕು. ಮೊದಲು ಮ್ಯಾಂಗನೀಸ್ ಸಲ್ಫೇಟ್, ಮೇಲೆ ಕ್ಷಾರೀಯ ಅಯೋಡೈಡ್ ದ್ರಾವಣ. ಆಮ್ಲಜನಕ ಇದ್ದರೆ ಸೀಸೆಯೊಳಗೆ ಕಂದು ಬಣ್ಣದ ಮೊಸರಿನಂಥ ಗಸಿ ಹುಟ್ಟಿ ನಿಧಾನವಾಗಿ ತಳಕ್ಕಿಳಿಯುತ್ತದೆ. ಗಂಧಕಾಮ್ಲ ಹಾಕಿದೊಡನೆ ಗಸಿ ಕರಗಿ ನೀರು ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ 200 ಮಿಲಿಲೀಟರ್ ತೆಗೆದುಕೊಂಡು ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಬಣ್ಣ ಒಣಹುಲ್ಲಿನ ಹಳದಿಗೆ ಬಂದಾಗ ಗಂಜಿಯ ದ್ರಾವಣ ಸೇರಿಸಿದರೆ ಇಡೀ ನೀರು ಕಡುನೀಲಿ. ಮುಂದೆ ಒಂದೊಂದೇ ಹನಿ. ಯಾವುದೋ ಒಂದು ಹನಿಗೆ ಆ ನೀಲಿ ಪೂರ್ತಿ ಮಾಯವಾಗಿ ನೀರು ತಿಳಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಖರ್ಚಾದ ಮಿಲಿಲೀಟರುಗಳೇ ಪ್ರತಿ ಲೀಟರಿನಲ್ಲಿರುವ ಆಮ್ಲಜನಕದ ಮಿಲಿಗ್ರಾಂಗಳು.

ನಮ್ಮದು 8.9 ಬಂತು. ಬೆಟ್ಟದ ನೀರು ಎಷ್ಟು ಚೆನ್ನಾಗಿದೆ ನೋಡಿ ಎಂದು ಎಲ್ಲರಿಗೂ ಸಂತೋಷವಾಯಿತು. ಸಾರ್ ಮಾತ್ರ ನೀರಿನ ತಾಪವೆಷ್ಟೆಂದು ಕೇಳಿದರು. 24 ಡಿಗ್ರಿ. ಆ ತಾಪದಲ್ಲಿ ಸಮುದ್ರಮಟ್ಟದಲ್ಲೇ ನೀರು 8.4ಕ್ಕಿಂತ ಹೆಚ್ಚು ಆಮ್ಲಜನಕವನ್ನು ಗಾಳಿಯಿಂದ ಹಿಡಿದುಕೊಳ್ಳಲಾರದು. ನಮ್ಮಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇನ್ನೂ ಕಡಿಮೆ. ಪಾಚಿ ತುಂಬಿದ ಕೆರೆಯಲ್ಲಿ ನಡುಮಧ್ಯಾಹ್ನ ಇದಕ್ಕಿಂತ ಹೆಚ್ಚಾಗುವುದುಂಟು, ನೆರಳಿನ ತೊರೆಯಲ್ಲಿ ಬೆಳಿಗ್ಗೆ ಹಾಗಾಗದು. ಹಾಗಾದರೆ ತಪ್ಪು ಎಲ್ಲಿ? ಸೀಸೆಗೆ ಬಿರಟೆ ಹಾಕಿದವಳು ನಾನೇ. ಕತ್ತಿನ ಬಳಿ ಗೋಲಿಯಷ್ಟು ಗಾಳಿಗುಳ್ಳೆ ಉಳಿದದ್ದನ್ನು ನೋಡಿದ್ದೆ, ಇಷ್ಟರಿಂದ ಏನಾದೀತು ಎಂದು ಬಿಟ್ಟಿದ್ದೆ. ಅದನ್ನು ಹೇಳಿದೆ. ಆ ಗುಳ್ಳೆಯ ಆಮ್ಲಜನಕವೂ ಗಸಿಯಾಗಿ ಲೆಕ್ಕಕ್ಕೆ ಸೇರಿತ್ತು. ಮತ್ತೆ ಸೀಸೆ ತುಂಬಿ ಮಾಡಿದಾಗ 7.2. ಮೊದಲ ಅಂಕಿಯನ್ನು ಹೊಡೆದುಹಾಕಲೇ ಎಂದು ಕೇಳಿದ್ದಕ್ಕೆ ಸಾರ್ ಬೇಡವೆಂದರು. 8.9 ಎಂಬುದು ಹಾಗೇ ಇರಲಿ, ಪಕ್ಕದಲ್ಲಿ ಗುಳ್ಳೆಯ ವಿಷಯ ಬರೆಯಿರಿ, ಕೆಳಗೆ 7.2 ಬರೆಯಿರಿ ಎಂದರು. ತರಗತಿಯಲ್ಲಿ ಪ್ರಯೋಗ ಮಾಡಿಸುವಾಗ, ಉತ್ತರ ಪುಸ್ತಕದ ಹಾಗೆ ಬರದಿದ್ದರೆ ಬರುವ ಹಾಗೆ ತಿದ್ದಿಸಿದ ಮಕ್ಕಳ ನೆನಪಾಗಿ ಮನಸ್ಸಿಗೆ ನೋವಾಯಿತು.

ಮಧ್ಯಾಹ್ನ ಕಲ್ಲುಗಳನ್ನು ಎತ್ತಿ ಅವುಗಳ ಅಡಿಯ ಹುಳುಗಳನ್ನು ಬಿಳಿ ತಟ್ಟೆಯಲ್ಲಿ ಹಾಕಿ ನೋಡಿದೆವು. ಮೂರು ಬಾಲಗಳ ಮೇಫ್ಲೈ ಮರಿಗಳು, ಮರಳಿನ ಕಣಗಳನ್ನು ಅಂಟಿಸಿ ತನಗೆ ತಾನೇ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳು. ಇವು ಕೊಳೆತ ನೀರಿನಲ್ಲಿ ಬಾಳಲಾರವು. ಚರಂಡಿ ಸೇರಿದ ಕೆರೆಗಳ ಕೆಸರಿನಲ್ಲಿ ಸಿಗುವುದು ಕೆಂಪು ಹುಳುಗಳು. ನಮ್ಮ ರಕ್ತದಲ್ಲಿರುವಂಥ ಹೀಮೋಗ್ಲೋಬಿನ್ ಇರುವುದರಿಂದ ಅವು ಕಡಿಮೆ ಆಮ್ಲಜನಕದಲ್ಲೂ ಉಳಿಯುತ್ತವೆ. ಸೀಸೆಯ ಅಂಕಿ ಆ ಒಂದು ಗಳಿಗೆಯದು. ಕಲ್ಲಿನಡಿಯ ಹುಳು ಹಲವು ವಾರಗಳಿಂದ ಅಲ್ಲೇ ಇರುವುದರಿಂದ ಅದು ಅಷ್ಟೂ ದಿನಗಳ ನೀರಿನ ಸ್ಥಿತಿಯನ್ನು ಹೇಳುತ್ತದೆ. ನೋಡಿ ಮುಗಿದ ಮೇಲೆ ಅವನ್ನೆಲ್ಲ ಸಿಕ್ಕಿದ ಜಾಗಕ್ಕೇ ಬಿಟ್ಟು, ಕಲ್ಲುಗಳನ್ನು ಮೊದಲಿದ್ದಂತೆ ಕವುಚಿ ಇಟ್ಟೆವು.

ನಾಲ್ಕನೆಯ ದಿನ

ಕೊರಟಗೆರೆ, ಮಧುಗಿರಿಗಳನ್ನು ಹಾದು ಮೈದನಹಳ್ಳಿಗೆ ಬಂದೆವು. ಇಲ್ಲಿನ ಕೃಷ್ಣಮೃಗ ಸಂರಕ್ಷಣಾ ಮೀಸಲು 798 ಎಕರೆಯಷ್ಟಿದ್ದು, ಜಯಮಂಗಲಿಯ ಹೆಸರನ್ನೇ ಹೊತ್ತಿದೆ, 2007ರಲ್ಲಿ ಘೋಷಣೆಯಾಯಿತು. ಬೆಟ್ಟದ ಕಾಡಿನಲ್ಲಿ ಮೂರು ದಿನ ಕಳೆದು ಬಂದವರಿಗೆ ಮೊದಲ ನೋಟಕ್ಕೆ ಇಲ್ಲೇನೂ ಇಲ್ಲವೆನಿಸುತ್ತದೆ: ಸೊಂಟದವರೆಗಿನ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಇಂಥ ನೆಲವನ್ನು ಬಂಜರು ಎಂದು ಬರೆಯುವ ರೂಢಿ ನಮ್ಮ ದಾಖಲೆಗಳಲ್ಲಿ ಬಹಳ ಹಿಂದಿನಿಂದ ಇದೆ. ಆ ಪದ ಈ ನೆಲಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. ಜೂನ್ 5ರ ಪರಿಸರ ದಿನದಂದು ಮಕ್ಕಳನ್ನು ಕರೆದುಕೊಂಡು ಹೋಗಿ ಊರ ಹುಲ್ಲುಗಾವಲಿನಲ್ಲಿ ಗಿಡ ನೆಡಿಸಿದವಳು ನಾನು. ಬಿಸಿಲು ಬೇಕಾದ ಹುಲ್ಲು ಮರಗಳ ನೆರಳಿನಲ್ಲಿ ಸಾಯುತ್ತದೆ, ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಕೃಷ್ಣಮೃಗಕ್ಕೆ ತೋಪು ಎಂದರೆ ಅಪಾಯ ಎಂದು ಮೇಡಂ ವಿವರಿಸಿದಾಗ, ಮುಂದಿನ ಜೂನ್‌ನಲ್ಲಿ ಗಿಡವನ್ನು ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂದು ಮೊದಲು ನೋಡಬೇಕೆಂದು ನಿಶ್ಚಯಿಸಿದೆ.

ಎಣಿಕೆಯ ಕ್ರಮ ಸರಳ ರೇಖೆಯ ನಡಿಗೆಯದು. ದಿಕ್ಸೂಚಿ ತೋರಿದ ಒಂದೇ ದಿಕ್ಕಿಗೆ 2 ಕಿಲೋಮೀಟರ್ ಮೌನವಾಗಿ ನಡೆದು, ಹಿಂಡು ಕಂಡೊಡನೆ ನಿಂತು, ಎಷ್ಟು ಮೃಗಗಳು, ನಮ್ಮಿಂದ ಎಷ್ಟು ದೂರ, ನಡೆಯುವ ರೇಖೆಗೆ ಎಷ್ಟು ಕೋನದಲ್ಲಿ ಎಂಬ ಮೂರನ್ನೂ ಬರೆಯಬೇಕು. 120 ಮೀಟರ್ ದೂರದಲ್ಲಿ, 30 ಡಿಗ್ರಿ ಕೋನದಲ್ಲಿ ಕಂಡ ಹಿಂಡು ರೇಖೆಯಿಂದ 60 ಮೀಟರ್ ಆಚೆಗಿರುತ್ತದೆ. ರೇಖೆಯಿಂದ ದೂರ ಹೋದಂತೆ ಕಣ್ಣಿಗೆ ಬೀಳುವ ಹಿಂಡುಗಳು ಎಷ್ಟು ವೇಗವಾಗಿ ಕಡಿಮೆಯಾಗುತ್ತವೆ ಎಂಬುದರಿಂದ, ನಾವು ನೋಡದೆ ಬಿಟ್ಟವುಗಳ ಅಂದಾಜನ್ನೂ ಮಾಡುತ್ತಾರೆ. ಮೊದಲ ಒಂದು ಕಿಲೋಮೀಟರಿನಲ್ಲಿ ನಮಗೆ ಒಂದೂ ಕಾಣಲಿಲ್ಲ, ಸೊನ್ನೆ ಬರೆದೆವು. ಆಮೇಲೆ ಹದಿನೇಳರ ಒಂದು ಹಿಂಡು, ಒಂಟಿಯಾಗಿ ಒಂದು ಗಂಡು. ಮೇಲೆ ಕಡುಗಪ್ಪು, ಕೆಳಗೆ ಅಚ್ಚಬಿಳುಪು, ತಿರುಚಿದ ಉದ್ದನೆಯ ಕೊಂಬು. ತನ್ನ ನೆಲದ ಗಡಿಯೆಂದು ಸಾರುವ ಹಿಕ್ಕೆರಾಶಿಯ ಮೇಲೆ ಅದು ನಿಂತಿತ್ತು. ಚಳಿಗಾಲ ಕಳೆಯಲು ದೂರದ ಉತ್ತರದಿಂದ ಬರುವ, ಸೆಳೆವ ಎಂಬ ಬೇಟೆಹಕ್ಕಿಯೊಂದು ಹುಲ್ಲಿನ ತುದಿ ತಾಗುವಷ್ಟು ಕೆಳಗೆ ತೇಲುತ್ತ ಹೋಯಿತು. ರಾತ್ರಿ ಹತ್ತಿರದ ಹಳ್ಳಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು.

ಐದನೆಯ ದಿನ

ಹಿಂದಿರುಗುವ ದಾರಿಯಲ್ಲಿ ಒಂದು ಹಳ್ಳಿಯ ಐದು ಕಡೆಗಳಿಂದ ನೀರು ತಂದು ಫ್ಲೋರೈಡ್ ಪರೀಕ್ಷೆ ಮಾಡಿದೆವು. ಪಾವಗಡ, ಶಿರಾ, ಮಧುಗಿರಿಗಳ ಕಡೆ ಹಲ್ಲಿನ ಮೇಲೆ ಕಂದು ಪಟ್ಟೆಯಿರುವ ಮಕ್ಕಳನ್ನು ನಾವೆಲ್ಲ ನೋಡಿಯೇ ಇರುತ್ತೇವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ನಿಗದಿಪಡಿಸಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಲ್ಲೇ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಸೀಸೆಗೆ ಹಾಕಿದ ಗುಲಾಬಿ ಬಣ್ಣದ ದ್ರಾವಣ, ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ತೆರೆದ ಬಾವಿಯ ನೀರು ಗುಲಾಬಿಯಾಗಿಯೇ ಉಳಿಯಿತು. ನಾಲ್ಕು ಕೊಳವೆಬಾವಿಗಳಲ್ಲಿ ಮೂರರ ನೀರು 1.5ರ ಗುರುತಿನ ಆಚೆಗೆ ಹೋಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಜ್ಜಿಯೊಬ್ಬರು, "ಕಾಯಿಸಿ ಕುಡಿದ್ರೆ ಹೋಗ್ತೈತೇನವ್ವಾ?" ಎಂದು ಕೇಳಿದರು. ಇಲ್ಲ ಅಜ್ಜಿ, ಕಾಯಿಸಿದರೆ ನೀರು ಆವಿಯಾಗುತ್ತದೆ, ಅದು ಉಳಿದುಕೊಳ್ಳುತ್ತದೆ ಎಂದು ಹೇಳುವಾಗ ನನಗೆ ಬಹಳ ಕಷ್ಟವಾಯಿತು. ಪಂಚಾಯಿತಿ ಸದಸ್ಯೆ ಐದೂ ಅಂಕಿಗಳನ್ನು ತಮ್ಮ ಪುಸ್ತಕಕ್ಕೆ ಬರೆದುಕೊಂಡು, ತಮ್ಮ ಊರಿನ ನೀರನ್ನು ಪ್ರಯೋಗಾಲಯಕ್ಕೇ ಕಳಿಸುತ್ತೇನೆ ಎಂದರು.

ಸಂಜೆ ನಾಲ್ಕಕ್ಕೆ ನಮ್ಮ ಶಾಲೆಯ ಹಿಂದಿನ ಹೊಳೆಗೆ ಬಂದೆವು. ಇಲ್ಲಿಯೂ ಹರಿವನ್ನು ಅಳೆಯೋಣವೆಂದು ನಾನೇ ಕೇಳಿಕೊಂಡಿದ್ದೆ; ಕಿತ್ತಳೆ ಸಿಪ್ಪೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದೆ. ಪಾತ್ರದ ಅಗಲ ದಡದಿಂದ ದಡಕ್ಕೆ 46 ಮೀಟರ್. ನಡುವೆ ಬಳ್ಳಾರಿ ಜಾಲಿಯ ಪೊದೆಗಳು, ಮರಳು ತೆಗೆದ ಹಳೆಯ ಗುಂಡಿಗಳು. ನೀರಿರಲಿಲ್ಲ. ಮೇಕೆ ಕಾಯುತ್ತಿದ್ದ ಹಿರಿಯರೊಬ್ಬರು, "ಮೊದ್ಲು ಬ್ಯಾಸ್ಗೇಲೂ ಮೊಣಕೈ ಉದ್ದ ಮರಳು ತೋಡಿದ್ರೆ ಒರತೆ ನೀರು ಬರ್ತಿತ್ತು ಮೇಡಮ್ಮಾ, ಈಗ ಮರಳೇ ಇಲ್ವಲ್ಲ," ಎಂದರು. ಮರಳು ಉಳಿದಿದ್ದ ಒಂದು ಕಡೆ ರೈತರಿಬ್ಬರು ಸನಿಕೆಯಿಂದ 90 ಸೆಂಟಿಮೀಟರ್ ತೋಡಿದರು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ತೇವ ಸಿಕ್ಕಿತು, ನೀರು ಸಿಗಲಿಲ್ಲ. ಎರಡು ದಿನಗಳ ಹಿಂದೆ ಬೆಟ್ಟದಲ್ಲಿ ಅಳೆದ 15 ಲೀಟರ್ ಎಲ್ಲಿ ನಿಂತಿತು, ಎಷ್ಟು ಇಂಗಿತು, ಎಷ್ಟು ಕೆರೆಗಳಲ್ಲಿ ಉಳಿಯಿತು ಎಂದು ತಿಳಿಯಬೇಕಾದರೆ ಮೇಲಿನಿಂದ ಕೆಳಗಿನವರೆಗೆ ಹತ್ತಾರು ಕಡೆ, ತಿಂಗಳು ತಿಂಗಳೂ ಅಳೆಯಬೇಕೆಂದು ಸಾರ್ ಹೇಳಿದರು. ನಾನು ಪುಸ್ತಕ ತೆರೆದು ದಿನಾಂಕ, ಗಂಟೆ, ಜಾಗ, ಹವೆ ಬರೆದು, ಹರಿವು ಎಂಬುದರ ಎದುರು ಸೊನ್ನೆ ಎಂದು ಬರೆದೆ. ಅದರ ಕೆಳಗೆ: ಮರಳು 0.9 ಮೀಟರ್ ಆಳಕ್ಕೆ ತೇವ, ನೀರಿಲ್ಲ.

ಸೋಮವಾರ ಶಾಲೆಗೆ ಹೋದವಳು ಪ್ರಾರ್ಥನೆ ಮುಗಿಯುತ್ತಲೇ ಆ ಹುಡುಗಿಯನ್ನೂ ಅವಳ ಐದಾರು ಗೆಳತಿಯರನ್ನೂ ಕರೆದು ಆ ಪುಟವನ್ನು ತೋರಿಸಿದೆ. ಅವಳು ಸೊನ್ನೆಯನ್ನು ನೋಡಿ, "ಹಾಗಾದ್ರೆ ಬಾವೀಲಿ ಎಷ್ಟಿದೆ ಮಿಸ್?" ಎಂದಳು. ಶಾಲೆಯ ಪಕ್ಕದ ತೋಟದ ಯಜಮಾನರನ್ನು ಕೇಳಿ ಅವರ ಹಳೆಯ ಬಾವಿಗೆ ಹೋದೆವು. ಮಕ್ಕಳು ಕಟ್ಟೆಗಿಂತ ಹಿಂದಕ್ಕೆ ನಿಂತರು. ಉಕ್ಕಿನ ಟೇಪಿನ ತುದಿಯ ಒಂದು ಮೀಟರಿಗೆ ನನ್ನ ಬಳಪವನ್ನೇ ಉಜ್ಜಿ ಬೆಳ್ಳಗೆ ಮಾಡಿ, ಭಾರಕ್ಕೆ ಕಲ್ಲು ಕಟ್ಟಿ ಇಳಿಸಿದೆ; ಕಟ್ಟೆಯ ಮೇಲೆ ನಾವೇ ಕೆತ್ತಿದ ಗುರುತಿಗೆ 9 ಮೀಟರ್ ಬಂದಾಗ ನಿಲ್ಲಿಸಿದೆ. ಮೇಲೆತ್ತಿದಾಗ ಬಳಪ ತೊಳೆದುಹೋಗಿದ್ದದ್ದು 38 ಸೆಂಟಿಮೀಟರ್. ಕಟ್ಟೆಯ ಎತ್ತರ 75 ಸೆಂಟಿಮೀಟರನ್ನು ಕಳೆದರೆ ನೆಲಮಟ್ಟದಿಂದ ನೀರಿಗೆ 7.87 ಮೀಟರ್. ಹುಡುಗಿ ಹೊಸ ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದು, ಮುಂದಿನ ಸೋಮವಾರದ ದಿನಾಂಕವನ್ನೂ ಕೆಳಗಿನ ಸಾಲಿನಲ್ಲಿ ಬರೆದಿಟ್ಟಳು.